ಹಳದಿ ಡಬ್ಬಿ ಬರಿದಾಗಿಯೇ ಇರಲಿ

ಮೊದಲು ತುಟಿ ಬಾತಿತು.

ಅಂಬಿಕಾಗೆ ಆಗ ಎರಡು ವರ್ಷ ತುಂಬಿರಲಿಲ್ಲ. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಮೊಮ್ಮಗಳು ನನ್ನ ಬೆನ್ನಿಗೆ ಒರಗಿ ನಿಂತಿದ್ದಳು. ಬಿಸಿ ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿ, ಎರಡು ಹನಿ ಎಣ್ಣೆ ಬಿಟ್ಟು ಅವಳ ಬಾಯಿಗಿಟ್ಟೆ. ನನ್ನ ಮಕ್ಕಳಿಗೂ ಹಾಗೇ ಇಟ್ಟಿದ್ದೆ. ನನ್ನ ಅವ್ವ ನನಗೂ ಹಾಗೇ ಇಟ್ಟಿದ್ದಳು. ಹಲ್ಲು ಬಂದ ಕೂಸಿಗೆ ಶೇಂಗಾ ಹಿಂಡಿ ತಿನ್ನಿಸಲು ನಮ್ಮ ಕಡೆ ಯಾರೂ ಪಂಚಾಂಗ ನೋಡುವುದಿಲ್ಲ.

ಇನ್ನೊಂದು ರೊಟ್ಟಿ ಹೆಂಚಿಗೆ ಹಾಕಿ ತಿರುಗುವಷ್ಟರಲ್ಲಿ ಕೂಸಿನ ಮೇಲ್ದುಟಿ ಜೇನುಹುಳ ಕಡಿದಂತೆ ಆಗಿತ್ತು. ಕಣ್ಣಿನ ಸುತ್ತ ಕೆಂಪು ದದ್ದು. ಯಾರದೋ ದೃಷ್ಟಿ ಎಂದೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಸಂಜೆಗೆ ಬಾವು ಇಳಿಯಿತು. ದೃಷ್ಟಿ ಹೋಯಿತೆಂದು ಓಣಿಗೆಲ್ಲ ನಾನೇ ಹೇಳಿಕೊಂಡು ಬಂದೆ.

ಇದು ನನ್ನ ಮೊದಲ ತಪ್ಪು. ಗೊತ್ತಿಲ್ಲದೆ ಮಾಡಿದ್ದು ಎಂದು ಆಮೇಲೆ ಡಾಕ್ಟರು ಸುಮ್ಮನೆ ಬಿಟ್ಟರು. ಎರಡನೆಯದಕ್ಕೆ ಬೈದು ಬಿಟ್ಟರು. ಮೂರನೆಯದಕ್ಕೆ ಯಾರೂ ಏನೂ ಅನ್ನಲಿಲ್ಲ.

ನಾವು ಶಹಾಪುರದವರು. ನನ್ನ ಗಂಡ ಭೀಮೆಯಲ್ಲಿ ಮೀನು ಹಿಡಿಯುತ್ತಿದ್ದ. ಅವನು ತೀರಿದ ಮೇಲೆ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರಿ ಮಗ ಮಲ್ಲೇಶಿಯನ್ನೂ ಮಗಳು ಕಸ್ತೂರಿಯನ್ನೂ ಬೆಳೆಸಿದೆ. ಮಲ್ಲೇಶಿ ಕಡೇಚೂರಿನ ಫ್ಯಾಕ್ಟರಿಗೆ ಹೋಗುತ್ತಾನೆ. ಸೈದಾಪುರದಲ್ಲಿ ಖೋಲಿ ಹಿಡಿದಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನ ಹೆಂಡತಿ ರೇಣುಕಾ ಪಕ್ಕದ ಹಳ್ಳಿಯ ಅಂಗನವಾಡಿಯಲ್ಲಿ ಕೆಲಸದಲ್ಲಿದ್ದಾಳೆ. ಅಂಬಿಕಾ ಅವರ ಒಬ್ಬಳೇ ಮಗಳು. ಹಗಲೆಲ್ಲ ನನ್ನ ಕೈಯಲ್ಲೇ ಬೆಳೆದಳು. ನನ್ನನ್ನು ಆಯಿ ಅನ್ನುತ್ತಾಳೆ. ನಾನು ಓದಿದ್ದು ಮೂರನೇ ಇಯತ್ತೆ. ಬರೆಯುವುದು ತಡವಾಗುತ್ತದೆ, ಆದರೆ ಬರುತ್ತದೆ.

ಕೆಲವು ತಿಂಗಳ ಮೇಲೆ ಕೂಸು ಹಿಂಡಿ ಕುಟ್ಟುವ ಒರಳು ನೆಕ್ಕಿತು. ಮತ್ತೆ ಬಾವು. ರೇಣುಕಾ ಅಂದಳು, "ಅತ್ತೆರ, ಶೇಂಗಾ ಬಾಯಿಗೆ ಹೋದಾಗೊಮ್ಮೆ ಹಿಂಗ ಆಗಾಕತ್ತದ. ಕೊಡಬ್ಯಾಡ್ರಿ."

"ಶೇಂಗಾ ತಿಂದು ಯಾರರೆ ಸತ್ತಾರೇನ? ನಿಮ್ಮಪ್ಪನ ಹೊಲದಾಗ ಏನ್ ಬೆಳೀತಾರ, ದ್ರಾಕ್ಷಿ ಏನು?" ಎಂದೆ.

ಅವಳು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಚೂರುಚೂರು ಕೊಟ್ಟು ರೂಢಿ ಮಾಡಿದರೆ ಮೈ ಒಗ್ಗುತ್ತದೆ ಎಂದು ಲೆಕ್ಕ ಹಾಕಿ, ರೇಣುಕಾ ಕೆಲಸಕ್ಕೆ ಹೋದಾಗ ಜೋಳದ ಕಾಳಿನಷ್ಟು ಹಿಂಡಿ ಕೂಸಿನ ನಾಲಿಗೆಗೆ ಹಚ್ಚಿದೆ. ಕೂಸು ವಾಂತಿ ಮಾಡಿತು. ಎದೆ ಗೊರಗೊರ ಅಂದಿತು. ಮರುದಿನ ಕಲಬುರಗಿಗೆ ಒಯ್ದೆವು.

ಅಲ್ಲಿಯ ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಕೂಸಿನ ಮುಂಗೈಗೆ ಹನಿ ಹನಿ ಔಷಧ ಬಿಟ್ಟು ಸೂಜಿಯಿಂದ ಚುಚ್ಚಿದರು. ರಕ್ತ ತೆಗೆದರು. ರಿಪೋರ್ಟ್ ಬಂದ ಮೇಲೆ ನಮ್ಮನ್ನು ಕೂಡಿಸಿಕೊಂಡು ಹೇಳಿದರು. ಪೀನಟ್ ಅಲರ್ಜಿ. ಸಿವಿಯರ್.

"ಇದಕ್ಕ ಔಷಧ ಏನ್ರಿ?" ಎಂದೆ.

"ತಿನ್ನದ ಇರೂದೇ ಔಷಧ, ಅಮ್ಮಾ."

"ಎಷ್ಟು ದಿನ್ರಿ?"

"ಸದ್ಯಕ್ಕಂತೂ ಎಲ್ಲಾ ದಿನ."

ಒಂದು ಸಣ್ಣ ಪೆಟ್ಟಿಗೆ ಕೊಡಿಸಿದರು. ಅದರಲ್ಲಿ ಅಡ್ರಿನಲಿನ್ ಔಷಧದ ಗಾಜಿನ ಬುಡ್ಡಿ, ಸಿರಿಂಜ್, ಸೂಜಿ. ಉಸಿರು ಕಟ್ಟಿದರೆ ಕ್ಷಣ ತಡಮಾಡದೆ ತೊಡೆಗೆ ಚುಚ್ಚಬೇಕು. ನರ್ಸ್ ರೇಣುಕಾಗೆ ಕಲಿಸಿದಳು. ನನ್ನನ್ನೂ ಕರೆದಳು. ನನ್ನ ಕೈ ರೊಟ್ಟಿ ಬಡಿಯುವ ಕೈ, ಸೂಜಿ ಹಿಡಿಯುವುದಲ್ಲ ಎಂದು ನಕ್ಕು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಆ ಬೆಂಚು ಈಗಲೂ ನನ್ನ ಕಣ್ಣ ಮುಂದಿದೆ.

ಅಂದಿನಿಂದ ಮನೆ ಬೇರೆಯಾಯಿತು. ಹಿಂಡಿ ಮಾರುವುದು ಬಿಟ್ಟೆ. ಒರಳನ್ನು ಹಿತ್ತಲಲ್ಲಿ ಬೋರಲು ಹಾಕಿದೆ. ಅಡುಗೆಗೆ ಕುಸುಬೆ ಎಣ್ಣೆ ತಂದೆವು. ಗಿರಾಕಿಗಳು, ಹಿಂಡಿ ಇಲ್ಲದ ರೊಟ್ಟಿ ಯಾಕಮ್ಮ ಎಂದು ಬೇರೆ ಮನೆ ನೋಡಿಕೊಂಡರು. ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಕೂಸು ಓಣಿಯಲ್ಲಿ ನಿಲ್ಲುವ ರೀತಿ ಕಾಣುತ್ತಿತ್ತು. ಮದುವೆ ಮನೆಯಲ್ಲಿ ಎಲ್ಲ ಮಕ್ಕಳು ಪಂಕ್ತಿಯಲ್ಲಿ, ಇವಳು ಕಂಬದ ಹತ್ತಿರ. ಶಾಲೆಯಲ್ಲಿ ಯಾರದೋ ಹುಟ್ಟಿದ ದಿನ, ಎಲ್ಲರ ಕೈಯಲ್ಲಿ ಚಾಕೊಲೇಟ್, ಇವಳ ಕೈಯಲ್ಲಿ ನಾನು ಕಟ್ಟಿಕೊಟ್ಟ ಬಾಳೆಹಣ್ಣು. ಬಾಳೆಹಣ್ಣು ಎಂದೇ ಅವಳಿಗೆ ಅಡ್ಡಹೆಸರು ಬಿತ್ತು. ಓಣಿಯ ಹೆಂಗಸೊಬ್ಬಳು ನನ್ನ ಎದುರಿಗೇ ಅಂದಳು, "ಶೇಂಗಾ ಒಗ್ಗಂಗಿಲ್ಲಂತ! ಮೀನ ಹಿಡಿಯೋರ ಮನ್ಯಾಗ ಮಹಾರಾಣಿ ಹುಟ್ಟ್ಯಾಳ." ನಾನು ಸರಿಯಾಗಿ ಬೈದೆ. ಆದರೆ ಅವಳ ಮಾತು ಮೊದಲು ನನ್ನ ಬಾಯಿಂದಲೇ ಹೊರಟಿತ್ತು. ಅದನ್ನು ಮರೆತಿರಲಿಲ್ಲ.

ಅಂಬಿಕಾ ಒಂದನೇ ಇಯತ್ತೆಗೆ ಹೋಗುವ ಹೊತ್ತಿಗೆ ಡಬ್ಬಿ ಬಂತು.

ನನ್ನ ಮಗಳು ಕಸ್ತೂರಿ ಹೈದರಾಬಾದಿನಲ್ಲಿದ್ದಾಳೆ. ಮಕ್ಕಳ ದವಾಖಾನೆಯೊಂದರಲ್ಲಿ ಆಯಾ ಕೆಲಸ. ಅವಳಿಗೆ ಮಕ್ಕಳಿಲ್ಲ, ಎರಡು ಸಲ ಬಸಿರು ನಿಲ್ಲಲಿಲ್ಲ. ಅಲ್ಲಿಗೆ ಬಂದ ಯಾವುದೋ ತಾಯಿಯ ಹತ್ತಿರ ಇಂಥ ಡಬ್ಬಿ ನೋಡಿದಳಂತೆ. ಅಲರ್ಜಿ ಇರುವ ಮಕ್ಕಳಿಗೆಂದೇ ತಿನಿಸು ಮಾಡುವವರಿದ್ದಾರೆ, ಯಾರ ಹೆಸರು ಹೇಳುತ್ತೇವೋ ಆ ಮಗುವಿಗೆ ತಿಂಗಳಿಗೊಂದು ಡಬ್ಬಿ ಮನೆಗೆ ಕಳಿಸುತ್ತಾರೆ. ಅಂಬಿಕಾಳ ಹುಟ್ಟುಹಬ್ಬಕ್ಕೆ ಅದನ್ನೇ ಉಡುಗೊರೆ ಮಾಡಿದಳು.

"ಒಂದ ವರ್ಷದ್ದು ಕಟ್ಟೀನಿ ಅವ್ವಾ. ತಿಂಗಳ ತಿಂಗಳ ಬರ್ತದ, ನಮ್ಮ ಕೂಸಿನ ಹೆಸರಿಗೇ," ಎಂದಳು ಫೋನಿನಲ್ಲಿ.

"ತವರಿಗೆ ಮಗಳು ತಿನಸ ಕಳಸೂದು ಯಾವ ಊರ ಪದ್ಧತಿ?"

"ನನ್ನ ಊರಂದು. ಬಾಯಿ ಮುಚ್ಕೊಂಡು ಇಸ್ಕೋ."

ಕೊರಿಯರಿನವನು ನಮ್ಮ ಓಣಿಯವರೆಗೆ ಬರುವುದಿಲ್ಲ. ಫೋನು ಬಂದರೆ ನಾವೇ ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ತರಬೇಕು. ಮೊದಲ ಸಲ ಅಂಬಿಕಾಳನ್ನೂ ಕರೆದುಕೊಂಡು ಹೋದೆ. ರಟ್ಟಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಅವಳೇ ಮನೆಗೆ ತಂದಳು. "ಅಮ್ಮಾ, ಏನದ ಅದ್ರಾಗ, ಬಂಗಾರ ಏನ?" ಎಂದು ಹೂವಿನವಳು ಕೇಳಿದಳು. "ನನ್ನ ತಿನಸ!" ಎಂದು ಅಂಬಿಕಾ ಕೂಗಿದಳು. ಆ ಹುಡುಗಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ರಟ್ಟು ಕತ್ತರಿಸಿದರೆ ಒಳಗೆ ಹಳದಿ ತಗಡಿನ ಡಬ್ಬಿ. ಮುಚ್ಚಳದ ಮೇಲೆ ನಗುವ ಆನೆ. ಒಳಗೆ ರಾಗಿ ಬಿಸ್ಕೀಟು, ಕೊಬ್ಬರಿ ಲಡ್ಡು, ಸೂರ್ಯಕಾಂತಿ ಬೀಜದ ಚಿಕ್ಕಿ, ಖರ್ಜೂರದ ಬರ್ಫಿ. ಜೊತೆಗೊಂದು ಇಂಗ್ಲಿಷ್ ಚೀಟಿ. ರೇಣುಕಾ ಓದಿ ಹೇಳಿದಳು. ಶೇಂಗಾ ಇಲ್ಲ. ಗೋಡಂಬಿ ಇಲ್ಲ. ಎಳ್ಳು ಇಲ್ಲ. ಹಾಲು ಇಲ್ಲ. ಚೀಟಿಯ ತುಂಬ ಇಲ್ಲ, ಇಲ್ಲ. ಇಷ್ಟೊಂದು ಇಲ್ಲಗಳನ್ನು ಕೂಡಿಸಿ ಅಷ್ಟು ರುಚಿ ಹೇಗೆ ಮಾಡುತ್ತಾರೋ, ನಾನಂತೂ ಒಂದು ಬರ್ಫಿ ತಿಂದು ಇನ್ನೊಂದಕ್ಕೆ ಕೈ ಹಾಕಿದೆ. ಅಂಬಿಕಾ ಕೈಗೆ ಹೊಡೆದಳು.

ರೇಣುಕಾ ಆ ದಿನವೇ ಮಗಳಿಗೆ ಒಂದು ಮಾತು ಕಲಿಸಿದಳು. "ಯಾರೇ ಏನೇ ಕೊಡ್ಲಿ, ಕೇಳದ ತಿನ್ನಬಾರದು. ಹಳದಿ ಡಬ್ಬ್ಯಾಂದು ಮಾತ್ರ ಯಾರನ್ನೂ ಕೇಳೂದು ಬ್ಯಾಡ."

ಇದನ್ನು ನೀವು ಹಗುರ ಮಾಡಿ ಓದಬೇಡಿ. ಆರು ವರ್ಷದ ಹುಡುಗಿ, ಬುದ್ಧಿ ಬಂದಾಗಿನಿಂದ ಒಂದು ತುತ್ತನ್ನೂ ಕೇಳದೆ ತಿಂದವಳಲ್ಲ. ಜಗತ್ತಿನಲ್ಲಿ ಕೇಳದೆ ಕೈ ಹಾಕಬಹುದಾದದ್ದು ಅವಳಿಗೆ ಅದೊಂದೇ. ಶಾಲೆಯಿಂದ ಬಂದವಳೇ ಪಾಟಿಚೀಲ ಎಸೆದು ಡಬ್ಬಿ ಇಟ್ಟ ಗೋಡೆಯ ಗೂಡಿಗೆ ಕೈ ಹಾಕುತ್ತಿದ್ದಳು. ಪಕ್ಕದ ಮನೆಯ ಹಸೀನಾಳ ಮಕ್ಕಳಿಗೆ ಹಂಚುತ್ತಿದ್ದಳು. ಯಾರಾದರೂ ಕೊಟ್ಟಾರು ಎಂದು ನಿಲ್ಲುತ್ತಿದ್ದವಳು ತಾನೇ ಕೊಡುವವಳಾದಳು. ಬಾಳೆಹಣ್ಣು ಎಂಬ ಹೆಸರೂ ಹೋಯಿತು.

ಐದು ತಿಂಗಳು. ಐದು ಡಬ್ಬಿ. ಖಾಲಿಯಾದವನ್ನು ತೊಳೆದು ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ.

ಈಗ ನನ್ನ ಗುಣ ಒಂದು ಹೇಳಬೇಕು. ಬರಿದಾದ ಪಾತ್ರೆ ನನಗೆ ಆಗುವುದಿಲ್ಲ. ನಮ್ಮಲ್ಲಿ ಒಬ್ಬರ ಮನೆಯಿಂದ ತುಂಬಿ ಬಂದ ಬಟ್ಟಲನ್ನು ಬರಿದು ಮಾಡಿ ಮರಳಿಸುವುದಿಲ್ಲ. ಈದಿಗೆ ಹಸೀನಾ ಸುರಕುಂಬಾ ಪಾಯಸ ಕಳಿಸಿದ ಬಟ್ಟಲಿಗೆ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇನೆ. ಬರಿದು ಕೊಟ್ಟರೆ ಆ ಮನೆ ಬರಿದಾಗಲಿ ಅಂದಂತೆ. ಅದರಲ್ಲೂ ಮಗಳ ಡಬ್ಬಿ. ಮಕ್ಕಳಿಲ್ಲದ ಮಗಳ ಡಬ್ಬಿ. ಐದು ಖಾಲಿ ಡಬ್ಬಿ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ನಾಗರ ಪಂಚಮಿ ಬಂತು. ಪಂಚಮಿಗೆ ಮಗಳು ತವರಿಗೆ ಬಂದು ಜೋಕಾಲಿ ಆಡಿ ಉಂಡಿ ತಿನ್ನಬೇಕು. ಕಸ್ತೂರಿಗೆ ರಜೆ ಸಿಗಲಿಲ್ಲ. ಓಣಿಯವರೊಬ್ಬರು ಶನಿವಾರ ಸಂಜೆಯ ಬಸ್ಸಿಗೆ ಹೈದರಾಬಾದಿಗೆ ಹೊರಟಿದ್ದರು. ಅವರ ಕೈಯಲ್ಲಿ ಉಂಡಿ ಕಳಿಸಬೇಕೆಂದು ಮಾಡಿದೆ. ಕಸ್ತೂರಿಗೆ ಸಣ್ಣಂದಿನಿಂದ ಶೇಂಗಾ ಉಂಡಿಯೇ ಆಗಬೇಕು.

ನಮ್ಮ ಮನೆಯಲ್ಲಿ ಮಾಡಲಿಲ್ಲ. ಅಷ್ಟು ಬುದ್ಧಿ ಇತ್ತು. ಹಸೀನಾಳ ಅಡುಗೆಮನೆಯಲ್ಲಿ ಹುರಿದೆ, ಕುಟ್ಟಿದೆ, ಬೆಲ್ಲದ ಪಾಕ ಹಿಡಿದೆ.

"ಅಂಗಡ್ಯಾಗಿಂದು ಕಳಸಿಬಿಡ್ರಿ ಅಮ್ಮಾ, ಯಾಕ ಈ ಉಸಾಬರಿ," ಎಂದಳು ಹಸೀನಾ.

"ಪಂಚಮಿಗೆ ಮಗಳಿಗೆ ಅಂಗಡಿ ಉಂಡಿ ಕಳಸ್ಲೇನ? ನಾ ಇನ್ನಾ ಸತ್ತಿಲ್ಲ."

ಅಲ್ಲೇ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದೆ. ಸೀರೆ ಬದಲಿಸಿದೆ. ಹುರಿದ ಬಾಣಲೆ ಅವಳ ಮನೆಯಲ್ಲೇ ಬಿಟ್ಟೆ. ಎಲ್ಲ ಜೋಪಾನ ಮಾಡಿದೆ. ಉಂಡಿಗಳನ್ನು ಮಾತ್ರ ಹಳದಿ ಡಬ್ಬಿಗೆ ತುಂಬಿದೆ. ಮಗಳ ಡಬ್ಬಿ ಮಗಳಿಗೆ ತುಂಬಿ ಹೋಗಲಿ ಎಂದು. ಮುಚ್ಚಳ ಬಿಗಿಯಾಗಿದೆ, ಬಟ್ಟೆಯಲ್ಲಿ ಸುತ್ತಿ ಹೊಲಿದುಬಿಟ್ಟರೆ ಆಯಿತು ಎಂದುಕೊಂಡು ಮನೆಗೆ ತಂದು ಗೂಡಿನ ಹತ್ತಿರ ಇಟ್ಟೆ. ಸೂಜಿದಾರ ಹುಡುಕುತ್ತಿದ್ದೆ.

ಆಗ ನಳ ಬಂತು.

ನಮ್ಮ ಓಣಿಯಲ್ಲಿ ನಳ ಬಂತೆಂದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಾರೆ. ಮೂರು ದಿನಕ್ಕೊಮ್ಮೆ ಬರುವ ನೀರು. ನಾನೂ ಕೊಡ ತೆಗೆದುಕೊಂಡು ಓಡಿದೆ. ಶನಿವಾರ ಮುಂಜಾನೆಯ ಶಾಲೆ, ಅಂಬಿಕಾ ಬರುವ ಹೊತ್ತು ಎಂಬುದು ತಲೆಗೆ ಬರಲಿಲ್ಲ. ಎರಡನೆಯ ಕೊಡ ಹೊತ್ತು ಒಳಗೆ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಮೈಮೇಲೆ ಯೂನಿಫಾರ್ಮು. ತೊಡೆಯ ಮೇಲೆ ಡಬ್ಬಿ. ಕೈಯಲ್ಲಿ ಅರ್ಧ ಉಂಡಿ.

"ಆಯಿ, ಈ ಸಲದ್ದು ಭಾಳ ಛಲೋ ಅದ. ಇದು ಏನ್ ಬೀಜ?"

ಕೊಡ ಕೈಯಿಂದ ಜಾರಿ ಬಿತ್ತು. ಬಾಯಿಗೆ ಬೆರಳು ಹಾಕಿ ಇದ್ದದ್ದನ್ನೆಲ್ಲ ತೆಗೆದೆ. ನೀರು ಹಾಕಿ ಬಾಯಿ ಮುಕ್ಕಳಿಸಲು ಹಚ್ಚಿದೆ. ಅವಳು ಅಳುತ್ತಾ ಅಂದಳು, "ಯಾಕ ಆಯಿ? ಹಳದಿ ಡಬ್ಬ್ಯಾಂದೇ ತಿಂದೀನಿ. ಕೇಳೂದು ಬ್ಯಾಡ ಅಂತ ಅವ್ವನೇ ಹೇಳ್ಯಾಳ."

ಆಮೇಲೆ ಗಂಟಲು ಕೆರೆದುಕೊಂಡಳು. ಕಿವಿ ಕೆಂಪಾಯಿತು. ಹೊಟ್ಟೆ ಹಿಡಿದು ಬಾಗಿದಳು. ಉಸಿರು ಶಿಳ್ಳೆ ಹೊಡೆಯಿತು. ಫ್ರಿಜ್ ಪಕ್ಕದ ಮೊಳೆಗೆ ಔಷಧದ ಪೆಟ್ಟಿಗೆ ತೂಗುಹಾಕಿತ್ತು. ತೆಗೆದೆ. ಮುಚ್ಚಳ ತೆರೆದೆ. ಬುಡ್ಡಿ ಇತ್ತು. ಸೂಜಿ ಇತ್ತು. ನನ್ನ ಕೈ ಇತ್ತು. ಯಾವುದನ್ನು ಎಲ್ಲಿ ಹೇಗೆ ಎಂಬುದು ಮಾತ್ರ ಇರಲಿಲ್ಲ. ಮುಚ್ಚಳ ಹಾಕಿ ಪೆಟ್ಟಿಗೆಯನ್ನೂ ಕೂಸನ್ನೂ ಎತ್ತಿಕೊಂಡು ಹೊರಗೆ ಬಿದ್ದೆ.

ಹಸೀನಾಳ ಗಂಡನ ಟಂಟಂ ಆಟೊ ಬಾಗಿಲಲ್ಲೇ ಇತ್ತು. ಅವನು ಊಟ ಬಿಟ್ಟು ಎದ್ದು ಬಂದ. ಸರ್ಕಾರಿ ದವಾಖಾನೆಗೆ ಹೋಗುವ ದಾರಿಯಲ್ಲಿ ಅಂಬಿಕಾಳ ಮುಖ ನೋಡುತ್ತಾ ಹೋದೆ. ಕಣ್ಣು ಮುಚ್ಚಿಹೋಗಿದ್ದವು. ತುಟಿ ನೀಲಿ. ದೇವರ ಹೆಸರು ಹೇಳ್ರಿ ಎಂದು ಜೊತೆಗೆ ಹತ್ತಿದ ಹಸೀನಾ ಅನ್ನುತ್ತಿದ್ದಳು. ನನ್ನ ಬಾಯಿಗೆ ಯಾವ ದೇವರೂ ಬರಲಿಲ್ಲ. ಉಗುಳು, ಉಗುಳು ಅಂತಲೇ ಅನ್ನುತ್ತಿದ್ದೆ.

ಡಾಕ್ಟರು ಬಾಗಿಲಲ್ಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಚುಚ್ಚಿದರು. ಆಮೇಲೆ ನನ್ನ ಕಂಕುಳಲ್ಲಿದ್ದ ಪೆಟ್ಟಿಗೆಗೆ ಅವರ ಕಣ್ಣು ಬಿತ್ತು.

"ಇದು ಮನ್ಯಾಗೇ ಇತ್ತೇನಮ್ಮಾ?"

"ಇತ್ತರಿ."

"ಮತ್ತ?"

ಪೆಟ್ಟಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡೆ. ಅವರು ಕೂಸಿನ ಕಡೆ ತಿರುಗಿದರು.

ಆಂಬುಲೆನ್ಸಿನಲ್ಲಿ ಯಾದಗಿರಿಗೆ ಒಯ್ದೆವು. ಭೀಮೆಯ ಸೇತುವೆ ದಾಟುವಾಗ ಅಂಬಿಕಾ ಕಣ್ಣು ಬಿಟ್ಟು, "ಹೊಳಿ ತುಂಬ್ಯಾದೇನ ಆಯಿ?" ಎಂದಳು. ಬದುಕಿದಳು ಎಂದುಕೊಂಡೆ. ಅಂಗನವಾಡಿಯಿಂದ ನೇರ ಬಂದ ರೇಣುಕಾ, ಸೈದಾಪುರದಿಂದ ರೈಲು ಹತ್ತಿ ಬಂದ ಮಲ್ಲೇಶಿ, ಇಬ್ಬರೂ ಐಸಿಯು ಬಾಗಿಲಲ್ಲಿ ನಿಂತಿದ್ದರು. ಏನಾಯಿತು ಎಂದು ಹೇಳಿದೆ. ಸುತ್ತಿಬಳಸಿ ಹೇಳಲಿಲ್ಲ. ಯಾವ ಡಬ್ಬಿ ಎಂಬುದನ್ನೂ ಹೇಳಿದೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಕಳಿಸುತ್ತೇವೆ ಎಂದರು. ರೇಣುಕಾ ಮುಖ ತೊಳೆಯಲು ಹೋದಳು. ಅಷ್ಟರಲ್ಲಿ ಮಾನಿಟರ್ ಕೂಗಿತು.

ಒಮ್ಮೆ ಇಳಿದದ್ದು ಮತ್ತೆ ಏರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಿಂದದ್ದು ನಿನ್ನೆ, ಉಸಿರು ಕಟ್ಟಿದ್ದು ಇವತ್ತು. ಗಾಜಿನ ಆಚೆ ನಾಲ್ಕು ಜನ ಅವಳ ಮೇಲೆ ಬಾಗಿದ್ದರು. ಕಾಣುತ್ತಿದ್ದದ್ದು ಒಂದು ಕಾಲು ಮಾತ್ರ. ಕಾಲಿಗೆ ಶಾಲೆಯ ಬಿಳಿ ಸಾಕ್ಸು ಹಾಗೇ ಇತ್ತು. ಅದು ಅಲುಗುತ್ತದೋ ಇಲ್ಲವೋ ಎಂದು ನೋಡುತ್ತಾ ನಿಂತೆ. ನನ್ನನ್ನು ಒಯ್ದು ಅವಳನ್ನು ಬಿಡು ಎಂದು ಕೇಳಿಕೊಳ್ಳುತ್ತಾರಲ್ಲ, ಹಾಗೆ ನಾನು ಕೇಳಿಕೊಳ್ಳಲಿಲ್ಲ. ಆ ವ್ಯಾಪಾರಕ್ಕೆ ನನ್ನ ಹತ್ತಿರ ಮುಖ ಇರಲಿಲ್ಲ.

ಅಲುಗಿತು.

ಮೂರು ದಿನ ಐಸಿಯು. ಎರಡು ದಿನ ವಾರ್ಡು. ಮಲ್ಲೇಶಿಯಿಂದ ಸುದ್ದಿ ತಿಳಿದು ಕಸ್ತೂರಿ ಫೋನ್ ಮಾಡಿದಳು.

"ಯಾವುದ್ರಾಗ ತುಂಬಿದ್ದಿ ಅವ್ವಾ ಉಂಡಿ?"

"ಡಬ್ಬ್ಯಾಗ," ಎಂದೆ.

"ನಾ ಕಳಸಿದ್ದರಾಗೇ ಏನ?"

"ಬರಿ ಡಬ್ಬಿ ಹೆಂಗ ಕಳಸ್ಲಿ ನಿನಗ..."

ಫೋನ್ ಇಟ್ಟಳು. ಎಂಟು ದಿನ ಎತ್ತಲಿಲ್ಲ.

ರೇಣುಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಿಸ್ಚಾರ್ಜ್ ದಿನ ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆ ಅಂದಳು, "ಅತ್ತೆರ, ನೀವು ಬೇಕಂತ ಮಾಡಿಲ್ಲ, ಗೊತ್ತದ. ಆದ್ರ ನಿಮ್ಮ ಮಾರಿ ನೋಡಾಕ ನಂಗ ಆಗವಲ್ದು." ಅವಳ ಮಾತು ಸರಿಯಾಗಿಯೇ ಇತ್ತು. ನನಗೂ ಕನ್ನಡಿ ನೋಡಲು ಆಗುತ್ತಿರಲಿಲ್ಲ. ಆದರೆ ಕನ್ನಡಿಯನ್ನು ನಾನು ನೋಡದೆ ಇರಬಹುದು, ಅವಳಿಗೆ ದಿನವೂ ಎದುರಿಗೇ ಇರುತ್ತೇನೆ.

ಮನೆಗೆ ಬಂದ ಮೇಲೆ ನಿಜವಾದ ಕಾಯಿಲೆ ಶುರುವಾಯಿತು.

ಅಂಬಿಕಾ ತಿನ್ನುವುದನ್ನು ಬಿಟ್ಟಳು. ರೇಣುಕಾ ಅವಳ ಎದುರಿಗೆ ಅಕ್ಕಿ ತೊಳೆದು, ಎದುರಿಗೆ ಬೇಯಿಸಿದರೆ ನಾಲ್ಕು ತುತ್ತು. ಇಲ್ಲದಿದ್ದರೆ ಅದೂ ಇಲ್ಲ. ಯೂನಿಫಾರ್ಮಿನ ಲಂಗ ಜಾರಿ ಬೀಳುತ್ತದೆ, ಪಿನ್ ಹಾಕಿ ಕಳಿಸುತ್ತಾರೆ. ಹೆದರಿಕೆ, ನಿಧಾನಕ್ಕೆ ಹೋಗುತ್ತದೆ, ಒತ್ತಾಯ ಮಾಡಬೇಡಿ ಎಂದರು ಕಲಬುರಗಿಯ ಡಾಕ್ಟರು. ಎಷ್ಟು ನಿಧಾನ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೆ ಅವರ ಮೇಲೆ ನನಗೆ ಭರವಸೆ.

ನನ್ನ ಕೈಯಿಂದ ಅವಳು ನೀರನ್ನೂ ಕುಡಿಯುವುದಿಲ್ಲ. ಒಮ್ಮೆ ಜೋಳದ ರೊಟ್ಟಿಯ ಚೂರು ಮುರಿದು, ಅವಳ ಎದುರಿಗೇ ಬಾಯಿಗೆ ಹಾಕಿಕೊಂಡೆ. "ನೋಡು, ಮೊದಲ ನಾನೇ ತಿಂದೀನಿ. ಈಗ ನೀ ತಿನ್ನವ್ವ." ನಮ್ಮ ಹಿರಿಯರು ಕೂಸಿಗೆ ಧೈರ್ಯ ಕೊಡುತ್ತಿದ್ದದ್ದು ಹಾಗೆಯೇ.

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ.

"ನೀ ತಿಂದ್ರ ಏನ್ ಗೊತ್ತಾಗ್ತದ ಆಯಿ? ನಿನಗೇನೂ ಆಗಂಗಿಲ್ಲಲ್ಲ."

ಅರವತ್ತು ದಾಟಿದವಳಿಗೆ ಆರು ವರ್ಷದವಳು ಹೇಳಿದ ಮಾತು. ನನ್ನ ಹತ್ತಿರ ಇದ್ದದ್ದು ಅದೊಂದೇ ಉಪಾಯ. ಅದೂ ಮುಗಿಯಿತು.

ಡಬ್ಬಿಗಳು ಮಾತ್ರ ಬರುತ್ತಲೇ ಇವೆ. ಕಸ್ತೂರಿ ವರ್ಷದ್ದು ಕಟ್ಟಿದ್ದಾಳಲ್ಲ. ಯಾರು ತಿನ್ನಲಿ ಬಿಡಲಿ, ತಿಂಗಳು ತುಂಬಿದರೆ ಫೋನು ಬರುತ್ತದೆ. ನಾನೊಬ್ಬಳೇ ಹೋಗಿ ತರುತ್ತೇನೆ. ದವಾಖಾನೆಯಿಂದ ಬಂದ ಮೇಲಿನ ಎರಡು ಪಾರ್ಸೆಲ್ ಒಡೆಯಲೇ ಇಲ್ಲ. ಹಳದಿ ಕಂಡರೆ ಅಂಬಿಕಾ ಒಳಕೋಣೆಗೆ ಹೋಗಿಬಿಡುತ್ತಾಳೆ. ನಾನು ಹಾಳು ಮಾಡಿದ್ದು ಒಂದು ಊಟವನ್ನಲ್ಲ. ಕೇಳದೆ ಕೈ ಹಾಕಬಹುದಾದ ಒಂದೇ ಒಂದು ಜಾಗವನ್ನು. ಅದನ್ನು ಯಾವ ಕೊರಿಯರಿನವನೂ ಮತ್ತೆ ತಂದುಕೊಡುವುದಿಲ್ಲ.

ನಾನು ಮಾಡಿದ್ದು ಎರಡೇ ಕೆಲಸ. ಒಂದು, ರೇಣುಕಾಳ ಎದುರಿಗೆ ಕೂತು ಸೂಜಿ ಹಿಡಿಯಲು ಕಲಿತೆ. "ಕಲಸವ್ವ, ನನ್ನ ಮಾರಿ ನೋಡಬ್ಯಾಡ, ಕೈ ನೋಡು," ಎಂದೆ. ಕಲಿಸಿದಳು. ವಾರಕ್ಕೊಮ್ಮೆ ಒಂದು ಮೋಸಂಬಿ ತಂದು, ಬರೀ ನೀರು ತುಂಬಿದ ಸಿರಿಂಜಿನಿಂದ ಚುಚ್ಚುತ್ತೇನೆ. ಈಗ ಸೂಜಿ ನೇರ ಇಳಿಯುತ್ತದೆ. ನರ್ಸ್ ಕರೆದ ದಿನವೇ ಒಳಗೆ ಹೋಗಿದ್ದರೆ ಇಷ್ಟೇ ಹೊತ್ತಿನ ಕೆಲಸ ಅದು.

ಎರಡನೆಯದು ಹಳೆಯ ಖಾಲಿ ಡಬ್ಬಿಗಳದ್ದು. ಗುಜರಿಗೆ ಹಾಕೋಣ ಎಂದ ಮಲ್ಲೇಶಿ. ನಾನು ಒಪ್ಪಲಿಲ್ಲ. ಗುಜರಿಯಿಂದ ಇನ್ನೊಬ್ಬಳು ಒಯ್ದು ಇನ್ನೇನೋ ತುಂಬುತ್ತಾಳೆ. ನನ್ನಂಥವಳು ಇನ್ನೊಬ್ಬಳು ಇದ್ದೇ ಇರುತ್ತಾಳೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು, ದೊಡ್ಡ ಮೊಳೆ ಇಟ್ಟು, ಕಲ್ಲಿನಿಂದ ಹೊಡೆದು ಒಂದೊಂದರ ತಳಕ್ಕೂ ತೂತು ಹಾಕಿದೆ. ಹಿಟ್ಟು ತುಂಬಿದರೆ ಸುರಿಯಬೇಕು. ಎಣ್ಣೆ ತುಂಬಿದರೆ ಸೋರಬೇಕು. ಬರಿದಾಗಿ ಇಡಬಾರದು ಎಂದು ಬಾಳಿದವಳು, ಎಂದೆಂದಿಗೂ ಬರಿದಾಗಿಯೇ ಇರಲಿ ಎಂದು ಹೊಡೆದೆ. ಸದ್ದಿಗೆ ಹಸೀನಾ ಗೋಡೆಯ ಮೇಲಿಂದ ಇಣುಕಿದಳು. ಡಬ್ಬಿ ನೋಡಿ ತಲೆ ಒಳಗೆ ಎಳೆದುಕೊಂಡಳು. ಅವಳೂ ಉಂಡಿ ಮಾಡಿದ ದಿನದಿಂದ ಮನೆಗೆ ಶೇಂಗಾ ತಂದಿಲ್ಲ.

ನಾಲ್ಕನೆಯದಕ್ಕೆ ಮೊಳೆ ಇಟ್ಟಾಗ ಬೆನ್ನ ಹಿಂದೆ ಅಂಬಿಕಾ ನಿಂತಿದ್ದಳು.

"ಏನ್ ಮಾಡಾಕತ್ತಿ ಆಯಿ?"

"ಇನ್ನ ಇದ್ರಾಗ ಯಾರೂ ಏನೂ ತುಂಬಬಾರದು ಅಂತ."

ಬಗ್ಗಿ ತೂತು ನೋಡಿದಳು. "ಇನ್ನಾ ದೊಡ್ಡದು ಮಾಡು. ಉಂಡಿ ಬೀಳೋವಷ್ಟು," ಎಂದಳು.

ಉಂಡಿ ಬೀಳುವಷ್ಟು ದೊಡ್ಡದು ಮಾಡಿದೆ.

ಮೊನ್ನೆ ಮೂರನೆಯ ಪಾರ್ಸೆಲ್ ಬಂತು. ಒಡೆಯುವುದಿಲ್ಲ ಎಂದುಕೊಂಡು ಕಟ್ಟೆಯ ಮೇಲೆ ಇಟ್ಟಿದ್ದೆ. ಅಂಬಿಕಾ 'ತೆಗಿ' ಎಂದು ಅವ್ವನಿಗೆ ಹೇಳಿದಳು, ತಾನು ಬಾಗಿಲ ಹತ್ತಿರವೇ ನಿಂತಳು. ರಟ್ಟಿನ ಮೇಲಿನ ಅಂಟುಪಟ್ಟಿ ಯಾರೂ ಕಿತ್ತಿಲ್ಲ ಎಂದು ತಾನೇ ಕಣ್ಣಿಟ್ಟು ನೋಡಿದಳು. ಆಮೇಲೆ ಹತ್ತಿರ ಬಂದು ಚೀಟಿಯನ್ನು ತಾನೇ ಓದಿದಳು, ಬೆರಳಿಟ್ಟು, ಒಂದೊಂದೇ ಅಕ್ಷರ. ಅವ್ವನಿಂದ ಇನ್ನೊಮ್ಮೆ ಓದಿಸಿದಳು. ರೇಣುಕಾ ಒಂದು ರಾಗಿ ಬಿಸ್ಕೀಟು ಕೊಟ್ಟಳು. ಅಂಬಿಕಾ ಅರ್ಧ ತಿಂದಳು. ಗಡಿಯಾರ ನೋಡುತ್ತಾ ಕೂತಳು. ಉಳಿದರ್ಧವನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಪಾಟಿಚೀಲದಲ್ಲಿಟ್ಟಳು. ಮತ್ತೆ ಕೈ ಹಾಕಲಿಲ್ಲ. ಉಳಿದ ತಿನಿಸನ್ನು ರೇಣುಕಾ ಸ್ಟೀಲಿನ ಪಾತ್ರೆಗೆ ಹಾಕಿ, ಬೀಗ ಹಾಕುವ ಕಪಾಟಿನಲ್ಲಿಟ್ಟಳು.

ಅರ್ಧ ಬಿಸ್ಕೀಟು. ಅದಕ್ಕೆ ಯಾರಿಗೆ ಕೈಮುಗಿಯಬೇಕೋ ಗೊತ್ತಿಲ್ಲ. ಕಸ್ತೂರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಅವಳು ಅತ್ತಳು. ಮುಂದಿನ ವರ್ಷದ್ದೂ ಕಟ್ಟುತ್ತೇನೆ ಎಂದಳು. ಕಟ್ಟು ಎಂದೆ. ಪಂಚಮಿಗೆ ನಿನಗೇನೂ ಕಳಿಸುವುದಿಲ್ಲ ಎಂದೆ. "ಏನೂ ಬ್ಯಾಡ ಅವ್ವಾ, ಬರಿ ಕೈಲೇ ಇರು," ಎಂದಳು.

ಖಾಲಿಯಾದ ಡಬ್ಬಿಯನ್ನು ಅಂಬಿಕಾ ತಾನೇ ತಂದು ಅಂಗಳದಲ್ಲಿ ನನ್ನ ಎದುರಿಗೆ ಬೋರಲು ಇಟ್ಟಳು. ಮೊಳೆ ತಂದಳು. ಕಲ್ಲು ತಂದಳು. ನಾನು ಹೊಡೆಯುವವರೆಗೆ ನನ್ನ ಪಕ್ಕ ಕೂತಿದ್ದಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಈಗ ಅವಳು ನನ್ನ ಪಕ್ಕ ಕೂಡುವುದು ಈ ಕೆಲಸಕ್ಕೆ ಮಾತ್ರ. ತೂತು ಬಿದ್ದ ಮೇಲೆ ಡಬ್ಬಿ ಎತ್ತಿ, ಒಂದು ಹಿಡಿ ಮಣ್ಣು ತುಂಬಿ, ತಳದಿಂದ ಎಲ್ಲ ಸುರಿದುಹೋಯಿತೇ ಎಂದು ನೋಡಿದಳು. ಅಲುಗಾಡಿಸಿ ಇನ್ನೊಮ್ಮೆ ನೋಡಿದಳು.

ಆಮೇಲೆ ಎದ್ದು, ಕೈ ತೊಳೆಯಲು ಹೋದಳು. ನಾನೂ ಹೋದೆ, ಅವಳದು ಮುಗಿದ ಮೇಲೆ.